ತಡವಾಗಿ ಬಂದ ಹೆಸರು

ಮಗು ಹುಟ್ಟಿದ ಹನ್ನೆರಡನೆಯ ದಿನ ತೊಟ್ಟಿಲಿಗೆ ಹಾಕಿ ಹೆಸರಿಡುವುದು ನಮ್ಮಲ್ಲಿ ವಾಡಿಕೆ. ಪಾಶ್ಚಾತ್ಯರ ರಾಕ್ ಸಂಗೀತದ ಕೂಸುಗಳಿಗೆ ಈ ಭಾಗ್ಯವಿಲ್ಲ. ಅವು ಬೆಳೆದು, ಮೀಸೆ ಬಲಿತ ಮೇಲೆ ವಿಮರ್ಶಕರೆಂಬ ಪುರೋಹಿತರು ಬಂದು ನಾಮಕರಣ ಮಾಡುತ್ತಾರೆ.

೧೯೬೬ರಲ್ಲಿ ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿ ಮೆಕ್ಸಿಕನ್ ಮೂಲದ ಮನೆಗಳ ಕೆಲವು ಹುಡುಗರು ‘೯೬ ಟಿಯರ್ಸ್’ ಎಂಬ ಹಾಡನ್ನು ಧ್ವನಿಮುದ್ರಿಸಿದರು. ತಂಡದ ಗಾಯಕನು ತನ್ನ ಹೆಸರಿಗೆ ಬದಲಾಗಿ ಪ್ರಶ್ನಾರ್ಥಕ ಚಿಹ್ನೆಯನ್ನೇ ಇಟ್ಟುಕೊಂಡ ವಿಚಿತ್ರ ಪುರುಷ! ಹಾಡು ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಅಗ್ರಸ್ಥಾನಕ್ಕೇರಿತು. ಐದು ವರ್ಷ ಕಳೆದು, ೧೯೭೧ರಲ್ಲಿ, ಡೇವ್ ಮಾರ್ಷ್ ಎಂಬ ವಿಮರ್ಶಕರು ‘ಕ್ರೀಮ್’ ಪತ್ರಿಕೆಯಲ್ಲಿ ಈ ತಂಡದ ಸಂಗೀತವನ್ನು ‘ಪಂಕ್ ರಾಕ್’ ಎಂದು ಕರೆದರು. ಪಂಕ್ ಎಂದರೆ ಪೋಕರಿ ಎಂದಿಟ್ಟುಕೊಳ್ಳಬಹುದು.

ಮರುವರ್ಷ ಲೆನ್ನಿ ಕೇ ಎಂಬವರು ೧೯೬೫ರಿಂದ ೧೯೬೮ರವರೆಗಿನ ಇಂತಹ ೨೭ ಹಾಡುಗಳನ್ನು ಆರಿಸಿ, ಎರಡು ತಟ್ಟೆಗಳ ‘ನಗೆಟ್ಸ್’ ಎಂಬ ಸಂಕಲನವನ್ನು ಹೊರತಂದರು. ಹೊದಿಕೆಯ ಉಪಶೀರ್ಷಿಕೆಯಲ್ಲಿ ಇದು ‘ಸೈಕೆಡೆಲಿಕ್’ ಯುಗದ ಸಂಗೀತ. ಒಳಗೆ ಕೇ ಅವರದೇ ಟಿಪ್ಪಣಿಯಲ್ಲಿ ‘ಪಂಕ್ ರಾಕ್’. ಇಂದಿನ ರಸಿಕರನ್ನು ಕೇಳಿದರೆ ‘ಗ್ಯಾರೇಜ್ ರಾಕ್’, ಅಂದರೆ ಕಾರು ನಿಲ್ಲಿಸುವ ಕೊಟ್ಟಿಗೆಯಲ್ಲಿ ಅಭ್ಯಾಸ ಮಾಡಿದವರ ಸಂಗೀತ. ಒಂದೇ ಸಂಕಲನ, ಮೂರು ಹೆಸರು!

ಆದದ್ದಿಷ್ಟೆ. ೧೯೭೬ರಲ್ಲಿ ನ್ಯೂಯಾರ್ಕಿನ ರಮೋನ್ಸ್, ಲಂಡನ್ನಿನ ಸೆಕ್ಸ್ ಪಿಸ್ಟಲ್ಸ್ ತಂಡಗಳ ಮೊದಲ ಧ್ವನಿಮುದ್ರಿಕೆಗಳು ಹೊರಬಂದು, ‘ಪಂಕ್’ ಎಂಬ ಪದವು ಅವರ ಪಾಲಾಯಿತು. ಆ ಹೆಸರಿನ ಹಳೆಯ ಹಕ್ಕುದಾರರು ಮನೆ ಖಾಲಿ ಮಾಡಬೇಕಾಯಿತು. ೧೯೬೯ರಲ್ಲೇ ಮೊದಲ ಸಂಪುಟ ತಂದಿದ್ದ ಸ್ಟೂಜಸ್ ತಂಡದವರಿಗಂತೂ ‘ಪ್ರೋಟೋ-ಪಂಕ್’, ಎಂದರೆ ಪೂರ್ವದ ಪಂಕ್, ಎಂಬ ಬಿರುದು ದೊರೆಯಿತು.

ನನ್ನಂತಹ ಕನ್ನಡ ಮೇಷ್ಟರಿಗೆ ಇದು ಅಪರಿಚಿತವಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗಕಾರನು ತನಗಿಂತ ಹಿಂದಿನದನ್ನು ಪಳಗನ್ನಡವೆಂದನು. ನಾವೋ ಅವನ ನುಡಿಗೇ ಹಳಗನ್ನಡವೆಂಬ ಚೀಟಿ ಅಂಟಿಸಿ, ಅವನು ಹಳತೆಂದುದನ್ನು ‘ಪೂರ್ವದ ಹಳಗನ್ನಡ’ಕ್ಕೆ ತಳ್ಳಿದೆವು. ಈ ‘ಪೂರ್ವ’ವೆಂಬ ಮಾತು ನನಗೆ ಹಿಡಿಸದು. ತನ್ನ ಕಾಲಕ್ಕೆ ತಾನೇ ಪೂರ್ಣವಾಗಿದ್ದವನನ್ನು ಅದು ಇನ್ನೊಬ್ಬರ ಗ್ರಂಥಕ್ಕೆ ಮುನ್ನುಡಿಯನ್ನಾಗಿ ಮಾಡಿಬಿಡುತ್ತದೆ.

ಹಾಗಾದರೆ ಆಯಾ ಕಾಲದವರು ಇಟ್ಟ ಹೆಸರೇ ಸಾಕಲ್ಲವೆ, ಎಂದು ವಾಚಕರು ಕೇಳಬಹುದು. ನಾನೂ ಬಹುಕಾಲ ಹಾಗೆಯೇ ಭಾವಿಸಿದ್ದೆ. ಆದರೆ ‘ಬಿಲ್‌ಬೋರ್ಡ್’ ಎಂಬ ಅಮೆರಿಕದ ವ್ಯಾಪಾರಪತ್ರಿಕೆಯು ೧೯೪೯ರವರೆಗೂ ಕರಿಯ ಗಾಯಕರ ತಟ್ಟೆಗಳನ್ನು ‘ರೇಸ್’, ಅಂದರೆ ಜನಾಂಗ, ಎಂಬ ಬೇರೆ ಪಟ್ಟಿಯಲ್ಲಿ ಕೂಡಿಸಿತ್ತು. ಹೆಸರಿಟ್ಟವರು ಹಾಡನ್ನು ಕೇಳಿರಲಿಲ್ಲ. ಹಾಡುವವನ ಮುಖವನ್ನು ನೋಡಿದ್ದರು. ಆ ವರ್ಷ ಪಟ್ಟಿಯ ಹೆಸರು ‘ರಿದಂ ಅಂಡ್ ಬ್ಲೂಸ್’ ಎಂದಾಯಿತು. ಗೋಡೆ ಮಾತ್ರ ಅಲ್ಲಿಯೇ ಉಳಿಯಿತು. ೧೯೫೧ರಲ್ಲಿ ಮೆಂಫಿಸ್ ನಗರದಲ್ಲಿ ಧ್ವನಿಮುದ್ರಿತವಾದ ‘ರಾಕೆಟ್ ೮೮’ ಆ ಪಟ್ಟಿಯ ಶಿಖರವನ್ನು ಮುಟ್ಟಿತು. ಇಂದು ಅದನ್ನೇ ಮೊತ್ತಮೊದಲ ರಾಕ್ ಅಂಡ್ ರೋಲ್ ತಟ್ಟೆಯೆನ್ನುವವರು ಹಲವರಿದ್ದಾರೆ. ‘ಮೊತ್ತಮೊದಲ’ ಎಂಬುದಕ್ಕೆ ನಾನು ಸಾಕ್ಷಿ ನುಡಿಯಲಾರೆ. ಆದರೆ ಇಲ್ಲಿ ತಡವಾಗಿ ಬಂದ ಹೆಸರೇ ನ್ಯಾಯವಾದದ್ದು.

ಆ ತಟ್ಟೆಯ ಮೇಲೆ ಅಚ್ಚಾದದ್ದು ‘ಜಾಕಿ ಬ್ರೆನ್‌ಸ್ಟನ್ ಮತ್ತು ಅವನ ಡೆಲ್ಟಾ ಕ್ಯಾಟ್ಸ್’ ಎಂದು. ಹಾಡಿದವರು ಬ್ರೆನ್‌ಸ್ಟನ್ ಅವರೇ, ನಿಜ. ನುಡಿಸಿದ ತಂಡ ಮಾತ್ರ ಐಕ್ ಟರ್ನರ್ ಅವರ ‘ಕಿಂಗ್ಸ್ ಆಫ್ ರಿದಂ’.