ಬದುಕಿರುವ ಯಂತ್ರಕ್ಕೆ ಮರಣಪತ್ರ

ನೀವು ಬಿಸಾಕಿದ ಕಂಪ್ಯೂಟರುಗಳ ಮೇಲೆ ನಾನು ಬದುಕಿದ್ದೇನೆ. ಇದನ್ನು ತಲೆತಗ್ಗಿಸಿ ಹೇಳುತ್ತಿಲ್ಲ. ಬೆಂಗಳೂರಿನ ಗಾಜಿನ ಕಟ್ಟಡಗಳ ಕಂಪನಿಗಳು ಮೂರು ನಾಲ್ಕು ವರ್ಷ ದುಡಿಸಿಕೊಂಡು ಲಾಟುಗಟ್ಟಲೆ ಮಾರಿದ ಲ್ಯಾಪ್‌ಟಾಪುಗಳು ಎಸ್.ಪಿ. ರೋಡಿನ ಅಂಗಡಿಗಳಿಗೆ ಬಂದು ಬೀಳುತ್ತವೆ. ಅಲ್ಲಿಂದ ನಮ್ಮೂರಿನ ಬಸ್ ಹತ್ತುತ್ತವೆ. ಯಾರದೋ ಬೆರಳು ಸವೆಸಿದ ಕೀಲಿಗಳು, ಮುಚ್ಚಳದ ಮೇಲೆ ಕಿತ್ತ ಸ್ಟಿಕರಿನ ಅಂಟು. ಆ ಅಂಟು ಒರೆಸಿ, ಧೂಳು ಕೊಡವಿ, ಎರಡನೇ ಜನ್ಮ ಕೊಟ್ಟವರು ನಾವು. ತಾಲ್ಲೂಕು ಕಚೇರಿ ಎದುರು ನನ್ನ ಡಿಟಿಪಿ ಅಂಗಡಿ ನಿಂತಿರುವುದು, ಕೇರಿಯ ಹುಡುಗಿ ಬಿ.ಎಡ್. ಮುಗಿಸಿದ್ದು, ಮಧ್ಯವರ್ತಿಯ ಕೈ ಬಿಸಿ ಮಾಡದೆ ಜಾತಿ ಪ್ರಮಾಣಪತ್ರದ ಅರ್ಜಿಗಳು ಹೋಗಿದ್ದು, ಎಲ್ಲವೂ ಇಂಥ ಯಂತ್ರಗಳಿಂದಲೇ.

ಈಗ ಅವು ಸತ್ತಿವೆ ಅನ್ನುತ್ತಾರೆ.

ಯಾರು ಕೊಟ್ಟರು ಈ ಮರಣಪತ್ರ? 2021ರ ಅಕ್ಟೋಬರ್ 5ರಂದು ಮೈಕ್ರೋಸಾಫ್ಟ್ ವಿಂಡೋಸ್ 11 ಬಿಡುಗಡೆ ಮಾಡಿತು. ಜೊತೆಗೆ ಒಂದು ಪಟ್ಟಿ: ಟಿಪಿಎಂ 2.0 ಬೇಕು, ಸೆಕ್ಯೂರ್ ಬೂಟ್ ಬೇಕು, ಇಂಟೆಲ್ ಆದರೆ ಎಂಟನೇ ಜನರೇಷನ್ನಿನ ಪ್ರೊಸೆಸರ್ ಅಥವಾ ಅದರಿಂದ ಈಚಿನದು ಬೇಕು. 2017ರಲ್ಲಿ ಸಾಲ ಮಾಡಿ ಹೊಸದಾಗಿ ಕೊಂಡ ಏಳನೇ ಜನರೇಷನ್ನಿನ ಯಂತ್ರ ನಾಲ್ಕೇ ವರ್ಷಕ್ಕೆ ಅನರ್ಹ. ಹಳೆಯ ವಿಂಡೋಸ್ 10ರಲ್ಲೇ ಇರುತ್ತೇವೆ ಬಿಡಿ ಅಂದುಕೊಂಡೆವು. 2015ರಲ್ಲಿ ಅದೇ ಕಂಪನಿಯ ಉದ್ಯೋಗಿಯೊಬ್ಬ ಶಿಕಾಗೋದ ಸಮ್ಮೇಳನದಲ್ಲಿ ನಿಂತು, ವಿಂಡೋಸ್ 10 ಕೊನೆಯ ವಿಂಡೋಸ್ ಎಂದಿದ್ದ, ಜಗತ್ತು ನಂಬಿತ್ತು. 2025ರ ಅಕ್ಟೋಬರ್ 14ಕ್ಕೆ ಅದರ ಬೆಂಬಲವೂ ನಿಂತಿತು. 24 ಕೋಟಿ ಕಂಪ್ಯೂಟರುಗಳು ಕಸವಾಗಬಹುದು ಎಂದು ಕ್ಯಾನಾಲಿಸ್ ಎಂಬ ಸಂಶೋಧನಾ ಸಂಸ್ಥೆ 2023ರಲ್ಲೇ ಅಂದಾಜು ಮಾಡಿತ್ತು. 24 ಕೋಟಿ! ಕರ್ನಾಟಕದ ಜನಸಂಖ್ಯೆಯ ಮೂರು ಪಟ್ಟಿಗೂ ಹೆಚ್ಚು.

ಒಂದಾದರೂ ತಾನಾಗಿ ಕೆಟ್ಟಿತ್ತೇ?

ನನ್ನ ತಂಗಿಯ ಮಗಳ ಮಾತು ಹೇಳುತ್ತೇನೆ. ಜಿಲ್ಲಾ ಕೇಂದ್ರದ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜು, ಹೆಸರು ಬೇಡ. ಅಂಥವು ಬೇಕಾದಷ್ಟಿವೆ. ಆನ್‌ಲೈನ್ ಪರೀಕ್ಷೆಗೆ ಎಲ್ಲರ ಲ್ಯಾಪ್‌ಟಾಪಿನಲ್ಲೂ ವಿಂಡೋಸ್ 11 ಇರಲೇಬೇಕು ಎಂದು ನೋಟಿಸು ಹಾಕಿದರು. ಅವಳದು ನಾನು ಕೊಡಿಸಿದ ಏಳನೇ ಜನರೇಷನ್ನಿನ ಐ5. ಮೂರು ಸೆಮಿಸ್ಟರಿನ ಪ್ರೋಗ್ರಾಮುಗಳನ್ನೆಲ್ಲ ಅದರಲ್ಲೇ ಬರೆದಿದ್ದಾಳೆ. ಲ್ಯಾಬಿನಲ್ಲಿ ಕೂತ ಮಹಾಶಯ ಅದನ್ನು ತಿರುಗಿಸಿ ನೋಡಿ, ಇಡೀ ಕ್ಲಾಸಿನ ಮುಂದೆ ಹೇಳಿದ: "ಇದೆಲ್ಲಾ ಇಲ್ಲಿ ನಡೆಯಲ್ಲಮ್ಮ. ಹೊಸದು ತಗೊಂಬಾ."

ಅವಳು ಸುಮ್ಮನಿದ್ದಳು. ಜೊತೆಗೆ ಹೋಗಿದ್ದ ನಾನು ಕೇಳಿದೆ, "ಸಾರ್, ಐವತ್ತು ಸಾವಿರ ಎಲ್ಲಿಂದ ತರೋದು?"

ಅವನು ನನ್ನ ಮುಖ ಕೂಡ ನೋಡಲಿಲ್ಲ. "ಸ್ಕಾಲರ್‌ಶಿಪ್ ಬರುತ್ತಲ್ರೀ ನಿಮಗೆ. ಅದ್ರಲ್ಲಿ ತಗೊಳ್ಳಿ."

'ನಿಮಗೆ.' ಆ ಮಾತಿಗೆ ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನನ್ನ ಅಪ್ಪ ಊರ ಹೋಟೆಲಿನ ಹೊರಗೆ ಮಾಡಿನ ಸಂದಿಯಲ್ಲಿ ಸಿಕ್ಕಿಸಿಟ್ಟ ಬೇರೆ ಲೋಟವನ್ನು ತಾನೇ ತೆಗೆದು, ತಾನೇ ತೊಳೆದು ಟೀ ಕುಡಿಯುತ್ತಿದ್ದುದನ್ನು ನಾನು ನೋಡಿದ್ದೇನೆ. ಲೋಟದಲ್ಲಿ ತೂತಿರಲಿಲ್ಲ. ಟೀ ಅದೇ ಪಾತ್ರೆಯದು. ಒಳಗೆ ಬರಬಾರದು ಅನ್ನುವುದಕ್ಕೆ ಒಂದು ಕಟ್ಟಳೆ ಬೇಕಿತ್ತು, ಅಷ್ಟೇ. ಆ ಲ್ಯಾಬಿನಲ್ಲಿ ನಿಂತಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಲೋಟ.

ಆ ಕಟ್ಟಳೆಯ ಒಳಗನ್ನು ಬಿಚ್ಚಿ ತೋರಿಸುತ್ತೇನೆ, ನೋಡಿ. ಟಿಪಿಎಂ ಅಂದರೆ ಗೂಢಲಿಪಿಯ ಕೀಲಿಗಳನ್ನು ಭದ್ರವಾಗಿ ಇಡುವ ಸಣ್ಣ ಚಿಪ್. ಆರನೇ, ಏಳನೇ ಜನರೇಷನ್ನಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಟಿಪಿಎಂ 2.0 ಈಗಾಗಲೇ ಇದೆ, ಪ್ರತ್ಯೇಕ ಚಿಪ್ಪಾಗಿ ಇಲ್ಲವೇ ಫರ್ಮ್‌ವೇರಿನೊಳಗೇ. ಸೆಕ್ಯೂರ್ ಬೂಟ್ ಇದೆ. ಹುಡುಗಿಯ ಯಂತ್ರದಲ್ಲೂ ಎರಡೂ ಇದ್ದವು. ಆದರೂ ಪಟ್ಟಿಯಲ್ಲಿ ಹೆಸರಿಲ್ಲ. ಪಟ್ಟಿಯಲ್ಲಿ ಹೆಸರಿದ್ದ ಏಳನೇ ಜನರೇಷನ್ನಿನವು ಬೆರಳೆಣಿಕೆಯಷ್ಟು. ಅದರಲ್ಲೊಂದು ಐ7-7820ಎಚ್‌ಕ್ಯೂ. ಯಾಕೆ ಗೊತ್ತೇ? ಮೈಕ್ರೋಸಾಫ್ಟ್ 2018ರಲ್ಲಿ ತಾನೇ ಮಾರುಕಟ್ಟೆಗೆ ತಂದ ಸರ್ಫೇಸ್ ಸ್ಟುಡಿಯೋ 2 ಎಂಬ ಕಂಪ್ಯೂಟರಿನೊಳಗೆ ಇದ್ದದ್ದು ಅದೇ ಪ್ರೊಸೆಸರ್. ಅದರ ಆರಂಭದ ಬೆಲೆಯೇ 3,499 ಡಾಲರ್. 2021ರ ಆಗಸ್ಟಿನಲ್ಲಿ ಡ್ರೈವರಿನ ಕಾರಣ ಕೊಟ್ಟು ಅದನ್ನು ಒಳಗೆ ಸೇರಿಸಿಕೊಂಡರು.

ಒಡೆಯನ ಮನೆಯ ಯಂತ್ರಕ್ಕೆ ಬಾಗಿಲು ತೆರೆಯಿತು.

ಉಳಿದವಕ್ಕೆ ಏನು ಕಾರಣ ಕೊಟ್ಟರು? ಅರ್ಹ ಯಂತ್ರಗಳು ನೂರಕ್ಕೆ 99.8ರಷ್ಟು ಕುಸಿಯದೆ ಓಡಿದವಂತೆ. ಅನರ್ಹ ಯಂತ್ರಗಳಲ್ಲಿ ಕರ್ನಲ್ ಕುಸಿತ ಶೇ. 52ರಷ್ಟು ಹೆಚ್ಚಿತ್ತಂತೆ. ಶೇ. 52 ಅಂದರೆ ಎದೆ ಧಸಕ್ ಅನ್ನಬೇಕು, ಅದಕ್ಕೇ ಆ ಅಂಕಿ. ಎರಡೂ ಅಂಕಿಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದರೆ ಸಾವಿರದಲ್ಲಿ ಎರಡು ಇದ್ದದ್ದು ಹೆಚ್ಚುಕಡಿಮೆ ಮೂರಾಗುತ್ತದೆ. ಆ ಒಂದಕ್ಕಾಗಿ ಕೋಟಿಗಟ್ಟಲೆ ಜನರ ಯಂತ್ರವನ್ನು ಗುಜರಿಗೆ ದೂಡುವುದೇ?

ನಿಜವಾದ ಮಿತಿ ಇಲ್ಲವೆಂದು ನಾನು ಹೇಳುವುದಿಲ್ಲ. ಕೋರ್ 2 ಡ್ಯುಯೋ ಕಾಲದ ಪ್ರೊಸೆಸರುಗಳಲ್ಲಿ ಪಾಪ್‌ಕೌಂಟ್ ಎಂಬ ಆದೇಶವೇ ಇಲ್ಲ. ವಿಂಡೋಸ್ 11ರ 24ಎಚ್2 ಆವೃತ್ತಿ ಆ ಆದೇಶವಿಲ್ಲದೆ ಏಳುವುದೇ ಇಲ್ಲ, ಯಾವ ಮಂತ್ರ ಹಾಕಿದರೂ ಇಲ್ಲ. ಅದು ಯಂತ್ರದ ಮೈಯಲ್ಲಿ ಇಲ್ಲದ್ದು, ಒಪ್ಪುತ್ತೇನೆ. ಆದರೆ ಮೈಯಲ್ಲಿ ಶಕ್ತಿಯಿದ್ದೂ ಪಟ್ಟಿಯಲ್ಲಿ ಹೆಸರಿಲ್ಲ ಎಂದು ಹೊರಗೆ ನಿಲ್ಲಿಸುವುದನ್ನು ನಾನು ಹುಟ್ಟಿದಾಗಿನಿಂದ ಕಂಡಿದ್ದೇನೆ. ಅದನ್ನು ಮಾತ್ರ ಒಪ್ಪಲಾರೆ.

ಆ ರಾತ್ರಿ ಅಂಗಡಿಯ ಷಟರ್ ಅರ್ಧ ಇಳಿಸಿಕೊಂಡು ಕೂತೆ. ವಿಂಡೋಸ್ 11ರ ಐಎಸ್‌ಒ ಕಡತವನ್ನು ಮೈಕ್ರೋಸಾಫ್ಟೇ ಪುಕ್ಕಟೆ ಕೊಡುತ್ತದೆ. ರೂಫಸ್ ಎಂಬ ಪುಟ್ಟ ತಂತ್ರಾಂಶದಲ್ಲಿ ಅದನ್ನು ಪೆನ್‌ಡ್ರೈವಿಗೆ ಏರಿಸುವಾಗ ಒಂದು ಚೌಕ ಕಾಣುತ್ತದೆ: ಟಿಪಿಎಂ, ಸೆಕ್ಯೂರ್ ಬೂಟ್, ರ‍್ಯಾಮಿನ ಷರತ್ತು ತೆಗೆಯಬೇಕೇ? ಟಿಕ್ ಹಾಕಿದೆ. ಹಳೇ ಹಾರ್ಡ್‌ಡಿಸ್ಕ್ ಬಿಚ್ಚಿ ಎಸ್‌ಎಸ್‌ಡಿ ಕೂರಿಸಿದೆ, ಇನ್ನೊಂದು 4 ಜಿಬಿ ರ‍್ಯಾಮ್ ಸಿಕ್ಕಿಸಿದೆ. ಡೇಟಾ ಮೊದಲೇ ಬೇರೆ ಡಿಸ್ಕಿಗೆ ಎತ್ತಿಟ್ಟಿದ್ದೆ. ಇದನ್ನು ಮಾಡಹೊರಟ ಯಾರೇ ಆಗಲಿ ಮೊದಲು ಮಾಡಬೇಕಾದದ್ದು ಅದೇ. ಟೀ ಆರುವ ಹೊತ್ತಿಗೆಲ್ಲ ಇನ್‌ಸ್ಟಾಲ್ ಮುಗಿದಿತ್ತು. ವೈಫೈ ಹಿಡಿಯಿತು, ಕ್ಯಾಮೆರಾ ಬಂತು, ಸೌಂಡು ಬಂತು. ಸೆಟ್ಟಿಂಗಿನಲ್ಲಿ ಮಾತ್ರ ಒಂದು ಸಾಲು: ಈ ಸಿಸ್ಟಮ್ ಅರ್ಹತೆ ಹೊಂದಿಲ್ಲ. ಇರಲಿ. ಅಂಥ ಸಾಲುಗಳನ್ನು ಹಣೆಯ ಮೇಲೆ ಹೊತ್ತುಕೊಂಡೇ ನಮ್ಮವರು ಓದಿದ್ದಾರೆ, ಪಾಸಾಗಿದ್ದಾರೆ. ಹುಡುಗಿ ಅದೇ ಲ್ಯಾಬಿನಲ್ಲಿ, ಅದೇ ಯಂತ್ರದಲ್ಲಿ ಪರೀಕ್ಷೆ ಬರೆದಳು.

ಇದು ಕಳ್ಳದಾರಿ ಅನ್ನುವವರಿಗೆ ಒಂದು ಮಾತು. 2021ರಲ್ಲಿ ರಿಜಿಸ್ಟ್ರಿಯ ಒಂದು ಮೌಲ್ಯ ಬದಲಿಸಿ ಹಳೇ ಯಂತ್ರಕ್ಕೆ ವಿಂಡೋಸ್ 11 ಹಾಕುವ ದಾರಿಯನ್ನು ತನ್ನ ಸಹಾಯ ಪುಟದಲ್ಲಿ ತೋರಿಸಿದ್ದು ಕಂಪನಿಯೇ. ಆಮೇಲೆ ಆ ಸಾಲುಗಳನ್ನು ಅಳಿಸಿತು. ಹಾಗೆ ಹಾಕಿಕೊಂಡವರಿಗೆ ಅಪ್‌ಡೇಟಿನ ಖಾತರಿ ಇಲ್ಲ ಎಂದೂ ಬರೆದಿದೆ. ತಿಂಗಳ ಅಪ್‌ಡೇಟುಗಳು ಸಾಮಾನ್ಯವಾಗಿ ಬರುತ್ತವೆ. ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿ ತಾನಾಗಿ ಬರುವುದಿಲ್ಲ, ಮತ್ತೆ ಪೆನ್‌ಡ್ರೈವ್ ಹಿಡಿದು ಕೂರಬೇಕು. ನನ್ನಂಥವನಿದ್ದ ಊರಿಗೆ ಸರಿ. ಇಲ್ಲದ ಊರಿನವರು ಯಾರ ಹತ್ತಿರ ಹೋಗಬೇಕು?

ಎಲ್ಲ ನಿಮ್ಮ ಭದ್ರತೆಗಾಗಿಯೇ ಅನ್ನುತ್ತಾರೆ. ಭದ್ರತೆ! ನನ್ನ ರಕ್ತ ಕುದಿಯುವುದೇ ಇಲ್ಲಿ. ವಿಂಡೋಸ್ 10ಕ್ಕೆ ಭದ್ರತಾ ಅಪ್‌ಡೇಟುಗಳನ್ನು ತಯಾರಿಸುವುದನ್ನು ಅವರು ನಿಲ್ಲಿಸಿಯೇ ಇಲ್ಲ. ಕಾರ್ಖಾನೆ, ಎಟಿಎಂ, ಆಸ್ಪತ್ರೆಗಳ ಯಂತ್ರಗಳಿಗೆಂದು ಐಒಟಿ ಎಂಟರ್‌ಪ್ರೈಸ್ ಎಲ್‌ಟಿಎಸ್‌ಸಿ 2021 ಎಂಬ ಆವೃತ್ತಿ ಇದೆ. ಅದೂ ವಿಂಡೋಸ್ 10 ತಾನೇ, ಅದಕ್ಕೆ 2032ರ ಜನವರಿವರೆಗೂ ಅಪ್‌ಡೇಟು. ಮಾಮೂಲಿ ವಿಂಡೋಸ್ 10ಕ್ಕೂ ಕಂಪನಿಗಳು ಅಪ್‌ಡೇಟು ಕೊಳ್ಳಬಹುದು: ಯಂತ್ರಕ್ಕೆ ಮೊದಲ ವರ್ಷ 61 ಡಾಲರ್, ಪ್ರತಿ ವರ್ಷ ದುಪ್ಪಟ್ಟು, 2028ರವರೆಗೆ. ಶಿಕ್ಷಣ ಸಂಸ್ಥೆಗಳಿಗೆ ಮೊದಲ ವರ್ಷ 1 ಡಾಲರ್. ಮನೆಯ ಬಳಕೆದಾರರಿಗೆ ಒಂದು ವರ್ಷಕ್ಕೆ 30 ಡಾಲರ್. ಕೊಡಲಾಗದವರು ತಮ್ಮ ಸೆಟ್ಟಿಂಗುಗಳನ್ನು ಅವರ ಕ್ಲೌಡಿಗೆ ಒಪ್ಪಿಸಬೇಕು, ಇಲ್ಲವೇ ಅವರ ರಿವಾರ್ಡ್ ಪಾಯಿಂಟು ಕೂಡಿಸಬೇಕು. ಯುರೋಪಿನ ಗ್ರಾಹಕ ಸಂಘಟನೆಗಳು ತಿರುಗಿಬಿದ್ದವು; ಅಲ್ಲಿನವರಿಗೆ ದುಡ್ಡಿಲ್ಲದೆ, ಆ ಷರತ್ತೂ ಇಲ್ಲದೆ ಕೊಟ್ಟರು.

ಔಷಧಿ ಕಪಾಟಿನಲ್ಲೇ ಇದೆ. ಯಾರಿಗೆ ಎಷ್ಟಕ್ಕೆ ಅನ್ನುವುದಷ್ಟೇ ಬೇರೆ ಬೇರೆ.

ಆಪಲ್ಲಿನವರೂ ಹೊರತಲ್ಲ. 2025ರ ಮ್ಯಾಕ್‌ಓಎಸ್ ಟಾಹೋ ಆವೃತ್ತಿಯೇ ಇಂಟೆಲ್ ಮ್ಯಾಕುಗಳಿಗೆ ಕೊನೆಯದು. ಅದಕ್ಕೂ ಮೊದಲೇ ಕೈಬಿಟ್ಟ ಮ್ಯಾಕುಗಳನ್ನು ಓಪನ್‌ಕೋರ್ ಲೆಗಸಿ ಪ್ಯಾಚರ್ ಎಂಬ ತಂತ್ರಾಂಶ ಕಟ್ಟಿ ವರ್ಷಗಟ್ಟಲೆ ಬದುಕಿಸಿದವರು ಸಂಬಳವಿಲ್ಲದೆ ದುಡಿದ ಸ್ವಯಂಸೇವಕರು. ಲಕ್ಷಾಂತರ ಕೋಟಿಗಳ ಕಂಪನಿಗೆ ಆಗದ್ದು ಅವರಿಗೆ ಹೇಗೆ ಆಯಿತು?

ಗುಜರಿಗೆ ಹೋದದ್ದು ಎಲ್ಲಿಗೆ ಹೋಗುತ್ತದೆ ಎಂದು ಎಂದಾದರೂ ನೋಡಿದ್ದೀರಾ? ದಿಲ್ಲಿಯ ಸೀಲಂಪುರದಲ್ಲಿ, ನಮ್ಮದೇ ಬೆಂಗಳೂರಿನ ಗೌರಿಪಾಳ್ಯದ ಗಲ್ಲಿಗಳಲ್ಲಿ, ಬರಿಗೈಯಲ್ಲಿ ಅದನ್ನು ಒಡೆಯುವವರಿದ್ದಾರೆ. ತಾಮ್ರಕ್ಕಾಗಿ ವೈರು ಸುಡುವುದು, ಚೂರು ಚಿನ್ನಕ್ಕಾಗಿ ಬೋರ್ಡುಗಳನ್ನು ಆಸಿಡ್ಡಿನಲ್ಲಿ ಅದ್ದುವುದು, ಆ ಹೊಗೆಯನ್ನೇ ಉಸಿರಾಡುವುದು. ಆ ಕೈಗಳು ಯಾರ ಮನೆಯವು, ಯಾವ ಕೇರಿಯವು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಹೊಸ ಇ-ತ್ಯಾಜ್ಯ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ತ್ಯಾಜ್ಯವನ್ನು ಏನು ಮಾಡಬೇಕೆಂದು ಅದು ಪುಟಗಟ್ಟಲೆ ಹೇಳುತ್ತದೆ. ಓಡುವ ಯಂತ್ರವನ್ನು ಕೂತಲ್ಲಿಂದಲೇ ತ್ಯಾಜ್ಯ ಮಾಡಿದವನ ಕೊರಳಪಟ್ಟಿ ಹಿಡಿದು ಕೇಳುವವರು ಯಾರು? ಲ್ಯಾಪ್‌ಟಾಪೊಂದು ಭೂಮಿಗೆ ಮಾಡುವ ಹಾನಿಯ ಬಹುಪಾಲು ಅದನ್ನು ತಯಾರಿಸುವಾಗಲೇ ಆಗಿಹೋಗಿರುತ್ತದೆ. ಪರಿಸರ ದಿನಕ್ಕೆ ಗಿಡ ನೆಟ್ಟು ಫೋಟೊ ಹಾಕುವ ಕಂಪನಿಗಳೇ ಮರುದಿನ ನೂರಾರು ಲ್ಯಾಪ್‌ಟಾಪು ಹೊರಗೆ ಹಾಕುತ್ತವೆ. ನನಗೆ ಆ ಗಿಡದ ಮೇಲೆ ಸಿಟ್ಟಿಲ್ಲ.

"ಲಿನಕ್ಸ್ ಹಾಕ್ಕೊಳ್ರೀ, ಅಷ್ಟಕ್ಕೆ ಇಷ್ಟೊಂದು ಗಲಾಟೆ ಯಾಕೆ?" ಅನ್ನುವ ಬೆಂಗಳೂರಿನ ಸ್ನೇಹಿತರಿದ್ದಾರೆ. ಹಾಕಿದ್ದೇನೆ ಸ್ವಾಮಿ. ನನ್ನ ಅಂಗಡಿಯ ಎರಡು ಸಿಸ್ಟಮಿನಲ್ಲಿ ಮಿಂಟ್ ಓಡುತ್ತಿದೆ, ಹತ್ತು ವರ್ಷದ ಯಂತ್ರ ಹುಡುಗನ ಹಾಗೆ ಓಡುತ್ತದೆ. ಕನ್ನಡಕ್ಕೆ ಕೆಜಿಪಿ ಕೀಲಿಮಣೆ ಅದರಲ್ಲೇ ಸಿಗುತ್ತದೆ. 'ನುಡಿ' ತಂತ್ರಾಂಶದಲ್ಲಿ ಟೈಪಿಂಗ್ ಕಲಿತ ಬೆರಳಿಗೆ ಹೊಸದೇನೂ ಅನ್ನಿಸುವುದಿಲ್ಲ. ಆದರೆ ಕಾಲೇಜುಗಳ ಪರೀಕ್ಷಾ ಕಾವಲಿನ ತಂತ್ರಾಂಶಗಳಲ್ಲಿ ಬಹಳಷ್ಟು ಅದರಲ್ಲಿ ಓಡುವುದಿಲ್ಲ. ಅಂಗಡಿಯವನ ಟ್ಯಾಲಿ ನೇರವಾಗಿ ಓಡುವುದಿಲ್ಲ. ಸರ್ಕಾರಿ ಕಚೇರಿಗಳು ವರ್ಷಾನುಗಟ್ಟಲೆ ನುಡಿಯ ಹಳೇ ಅಕ್ಷರಗಳಲ್ಲಿ ತುಂಬಿಟ್ಟ ಕಡತಗಳನ್ನು ಯೂನಿಕೋಡಿಗೆ ಬದಲಿಸದೆ ತೆರೆದರೆ ಕನ್ನಡದ ಬದಲು ಗೀಚುಗಳು ಕಾಣುತ್ತವೆ. ಕನ್ನಡ ಗಣಕ ಪರಿಷತ್ತು ಕಷ್ಟಪಟ್ಟು ಕಟ್ಟಿದ ನುಡಿಯನ್ನು ವಿಂಡೋಸಿನ ಅಂಗಳದಲ್ಲೇ ಉಳಿಯುವಂತೆ ಬಿಟ್ಟದ್ದು ನಮ್ಮ ಸರ್ಕಾರಗಳು. ವೇದಿಕೆ ಮೇಲೆ ಕನ್ನಡ ಕನ್ನಡ ಎಂದು ಕೂಗುವ ಇದೇ ಜನ ಕನ್ನಡದ ಕಡತಗಳ ಕೀಲಿಯನ್ನು ಅಮೆರಿಕದ ಕಂಪನಿಯ ಕೈಗೆ ಕೊಟ್ಟು ಕೂತಿದ್ದಾರೆ.

ಗಡಿ ದಾಟಿದರೆ ಕೇರಳ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಲಿಯುವುದು ಕೈಟ್ ಗ್ನೂ/ಲಿನಕ್ಸಿನಲ್ಲಿ. ಅಲ್ಲಿನ ಸರ್ಕಾರದ ಸಂಸ್ಥೆಯೇ ಅದನ್ನು ಸಿದ್ಧಪಡಿಸಿ, ಶಿಕ್ಷಕರಿಗೆ ಕಲಿಸಿ, ಶಾಲೆಗೆ ಮುಟ್ಟಿಸುತ್ತದೆ. ಕಂಪನಿಯೊಂದು ತಾರೀಖು ಕೊಟ್ಟಿತೆಂದು ಅಲ್ಲಿ ಮಗುವಿನ ಕಂಪ್ಯೂಟರ್ ಸಾಯುವುದಿಲ್ಲ. ನಮ್ಮಲ್ಲಿ ಟೆಂಡರು ಕರೆಯುತ್ತಾರೆ.

ವಿಧಾನಸೌಧದಲ್ಲಿ ಕೂತವರೇ, ನಿಮ್ಮ ಪರೀಕ್ಷೆ, ನಿಮ್ಮ ಅರ್ಜಿ, ನಿಮ್ಮ ತಂತ್ರಾಂಶ ಯಾವುದೂ ಒಂದೇ ಕಂಪನಿಯ ಹೊಸ ಆವೃತ್ತಿಯನ್ನು ಕಡ್ಡಾಯ ಮಾಡಬಾರದು ಎಂದು ಒಂದು ಆದೇಶ ಹೊರಡಿಸಿ. ನುಡಿಯ ಹಳೇ ಕಡತಗಳನ್ನೆಲ್ಲ ಯೂನಿಕೋಡಿಗೆ ತಿರುಗಿಸಿ. ಯುರೋಪಿಗೆ ಬಿಟ್ಟಿ ಕೊಟ್ಟ ಅಪ್‌ಡೇಟನ್ನು ಇಲ್ಲಿನ ಬಡವನಿಗೂ ಕೊಡು ಎಂದು ಆ ಕಂಪನಿಯ ಎದುರು ಒಮ್ಮೆಯಾದರೂ ಗಂಟಲೆತ್ತಿ. ಓದುಗರೇ, ನಿಮ್ಮ ಅಟ್ಟದ ಮೇಲಿರುವ ಲ್ಯಾಪ್‌ಟಾಪನ್ನು ಗುಜರಿಯವನಿಗೆ ತೂಗಿ ಕೊಡಬೇಡಿ. ಡಿಸ್ಕು ಅಳಿಸಿ, ಹತ್ತಿರದ ಹಾಸ್ಟೆಲಿನ ಮಗುವೊಂದಕ್ಕೆ ಕೊಡಿ. ವಿಂಡೋಸೋ ಲಿನಕ್ಸೋ ಹಾಕಿಕೊಡುವವರು ಯಾರೂ ಇಲ್ಲದಿದ್ದರೆ ನನ್ನಂಥ ಅಂಗಡಿಯವರಿದ್ದಾರೆ, ಷಟರ್ ತೆರೆದೇ ಇರುತ್ತದೆ.