ತಿಪ್ಪರಲಾಗದ ಕಷ್ಟಸುಖ

“ತಿಪ್ಪರಲಾಗ ಹಾಕಿದರೂ ಆಗದು” ಎಂಬ ಮಾತನ್ನು ಕೇಳದ ಕನ್ನಡಿಗರಿಲ್ಲ. ಮನುಷ್ಯಪ್ರಯತ್ನಕ್ಕೆ ತಿಪ್ಪರಲಾಗವೇ ಕೊನೆಯ ಮೇರೆ, ಅದರಾಚೆಗೆ ಮಾಡಬಹುದಾದುದು ಏನೂ ಇಲ್ಲ ಎಂಬ ಭಾವನೆ ಆ ಮಾತಿನಲ್ಲಿ ಅಡಗಿದೆ. ಆದರೆ ಅಂಗಸಾಧನೆಯ ಶಾಲೆಯೊಂದಕ್ಕೆ ಹೋಗಿ ಒಂದು ಸಂಜೆ ನಿಂತು ನೋಡಿದವರಿಗೆ ಬೇರೆಯೇ ಸಂಗತಿ ತಿಳಿದುಬರುತ್ತದೆ. ಗಾಳಿಯಲ್ಲಿ ಹಿಂದಕ್ಕೆ ಲಾಗ ಹಾಕಿ ನಗುತ್ತ ನೆಲಕ್ಕಿಳಿಯುವ ಹತ್ತು ಹನ್ನೆರಡು ವರ್ಷದ ಮಕ್ಕಳು ಅಲ್ಲಿ ಹಲವರಿರುತ್ತಾರೆ. ಎರಡು ಅಂಗೈಗಳ ಮೇಲೆ ಅರ್ಧ ನಿಮಿಷ ಅಲುಗಾಡದೆ ತಲೆಕೆಳಗಾಗಿ ನಿಲ್ಲಬಲ್ಲವರು ಮಾತ್ರ ಬೆರಳೆಣಿಕೆಯಷ್ಟು!

ಹಾಗಾದರೆ ಜಿಮ್ನಾಸ್ಟಿಕ್ಸ್ ವಿದ್ಯೆಯಲ್ಲಿ ಕಲಿಯಲು ಸುಲಭವಾದುದು ಯಾವುದು, ಕಠಿಣವಾದುದು ಯಾವುದು? ಮಕ್ಕಳನ್ನು ಈ ವಿದ್ಯೆಗೆ ಹಚ್ಚಿದ ತಂದೆತಾಯಿಗಳ ಮನಸ್ಸಿನಲ್ಲಿ ಈ ಪ್ರಶ್ನೆ ಏಳುವುದು ಸಹಜ. ಪ್ರೇಕ್ಷಕರ ಚಪ್ಪಾಳೆಯನ್ನೇ ಅಳತೆಗೋಲಾಗಿ ಹಿಡಿದರೆ ಇದಕ್ಕೆ ಸರಿಯಾದ ಉತ್ತರ ದೊರೆಯುವುದಿಲ್ಲ. ನೋಡುವವರ ಎದೆ ನಡುಗಿಸುವ ವರಸೆ ಬೇರೆ. ಕಲಿಯುವವರ ತಾಳ್ಮೆಯನ್ನು ಅರೆದು ಹಾಕುವ ವರಸೆ ಬೇರೆ.

ಕಾಠಿಣ್ಯಕ್ಕೆ ಸರ್ಕಾರಿ ಮುದ್ರೆಯಂಥ ಒಂದು ಅಳತೆಯೇನೋ ಇದೆ. ಅಂತರರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಸಂಸ್ಥೆಯ ನಿಯಮಾವಳಿಯಲ್ಲಿ ಪ್ರತಿಯೊಂದು ವರಸೆಗೂ ಒಂದೊಂದು ಅಕ್ಷರವುಂಟು. ‘ಎ’ ಎಂದರೆ ದಶಮಾಂಶ ಒಂದು ಅಂಕ, ‘ಬಿ’ ಎಂದರೆ ಎರಡು. ಹೀಗೆಯೇ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. 2006ರಿಂದ ಈಚೆಗೆ ಕಾಠಿಣ್ಯದ ಅಂಕವನ್ನೂ ಅಚ್ಚುಕಟ್ಟಿನ ಅಂಕವನ್ನೂ ಬೇರೆ ಬೇರೆಯಾಗಿ ಎಣಿಸಿ ಕೂಡಿಸುವ ಪದ್ಧತಿ ಬಂದಿದೆ. ಅಮೆರಿಕದ ಸಿಮೋನ್ ಬೈಲ್ಸ್ 2019ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ನಡೆದ ವಿಶ್ವಸ್ಪರ್ಧೆಯಲ್ಲಿ, ನೆಲದಿಂದ ನೆಗೆದು ಹಿಂದಕ್ಕೆ ಎರಡು ಲಾಗ ಹಾಕುತ್ತ ಅಷ್ಟರೊಳಗೇ ಮೂರು ಸುತ್ತು ತಿರುಗಿ ಇಳಿದಾಗ, ಅದಕ್ಕೆ ‘ಜೆ’ ಎಂಬ ಅಕ್ಷರ ದೊರೆಯಿತು. ಅಂದಿಗೆ ಅದೇ ಅತ್ಯುನ್ನತ ಮೆಟ್ಟಿಲು. ಅದೇ ಸ್ಪರ್ಧೆಯಲ್ಲಿ ಆಕೆ ಬೀಮಿನ ಮೇಲಿಂದ ಎರಡು ಲಾಗ, ಎರಡು ಸುತ್ತು ಸೇರಿಸಿ ಕೆಳಗಿಳಿದುದಕ್ಕೆ ಮಾತ್ರ ‘ಎಚ್’ ಎಂಬ ಅಕ್ಷರವಷ್ಟೇ ಸಿಕ್ಕಿತು. ಬೆಲೆ ಹೆಚ್ಚು ಕಟ್ಟಿದರೆ ಸಿದ್ಧತೆಯಿಲ್ಲದವರೂ ಅದಕ್ಕೆ ಕೈಹಾಕಿ ಅಪಾಯ ತಂದುಕೊಂಡಾರು ಎಂಬುದು ಸಮಿತಿಯವರು ಕೊಟ್ಟ ಕಾರಣಗಳಲ್ಲೊಂದು. ಈ ತೀರ್ಪಿನ ವಿಚಾರವಾಗಿ ಆಗ ದೊಡ್ಡ ಚರ್ಚೆಯೇ ನಡೆಯಿತು. ಅಕ್ಷರದ ಬೆಲೆ ಸ್ಪರ್ಧೆಯ ಲೆಕ್ಕ. ಕಲಿಯುವ ಕಷ್ಟದ ಲೆಕ್ಕ ಅದಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಸುಲಭವಾದುದರಿಂದಲೇ ಆರಂಭಿಸೋಣ. ಮುಂದಕ್ಕೆ ಉರುಳುವ ಲಾಗವೇ ಮೊದಲ ಪಾಠ. ಗದ್ದವನ್ನು ಎದೆಗೆ ಒತ್ತಿ, ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿ, ಭುಜದಿಂದ ಸೊಂಟದವರೆಗೆ ಚಕ್ರದಂತೆ ಉರುಳಿದರಾಯಿತು. ಮೂರು ನಾಲ್ಕು ವರ್ಷದ ಮಗುವೂ ಮೆತ್ತೆಯ ಮೇಲೆ ಇದನ್ನು ಕೆಲವೇ ದಿನಗಳಲ್ಲಿ ಕಲಿಯುತ್ತದೆ. ಇದೇ ಲಾಗವನ್ನು ಹಿಂದಕ್ಕೆ ಹಾಕಬೇಕಾದಾಗ ಮಾತ್ರ ತೊಡಕು ಹುಟ್ಟುತ್ತದೆ. ಉರುಳುವ ದೇಹದ ದಾರಿಗೆ ತಲೆಯೇ ಅಡ್ಡ ಬರುತ್ತದೆ. ಕಿವಿಗಳ ಪಕ್ಕದಲ್ಲಿ ಅಂಗೈಯೂರಿ ತಕ್ಕ ಹೊತ್ತಿಗೆ ನೆಲವನ್ನು ನೂಕದಿದ್ದರೆ ಭಾರವೆಲ್ಲ ಕತ್ತಿನ ಮೇಲೆ ಬೀಳುತ್ತದೆ. ಬಂಡಿಯ ಗಾಲಿಯಂತೆ ಪಕ್ಕಕ್ಕೆ ತಿರುಗುವ ‘ಕಾರ್ಟ್‌ವೀಲ್’ ಕೂಡ ಸುಲಭದ ಸಾಲಿಗೇ ಸೇರಿದುದು. ಕಾಲುಗಳನ್ನು ನೆಟ್ಟಗೆ ಚಾಚಿ ಅದನ್ನು ಅಂದವಾಗಿ ಮಾಡಲು ತಿಂಗಳುಗಳು ಬೇಕಾದರೂ ಹೇಗೋ ಒಂದು ಸುತ್ತು ತಿರುಗಿ ನಿಲ್ಲುವುದು ಬೇಗನೆ ಬರುತ್ತದೆ.

ಇನ್ನು ಕೈಗಳ ಮೇಲೆ ನಿಲ್ಲುವ ವಿದ್ಯೆ. ಗೋಡೆಗೆ ಕಾಲು ಆನಿಸಿ ನಿಲ್ಲಲು ಕೆಲವು ವಾರಗಳು ಸಾಕು. ಗೋಡೆಯನ್ನು ಬಿಟ್ಟು ನಿಲ್ಲುವುದೇ ದೊಡ್ಡ ಕೆಲಸ. ನಾವು ನೆಲದ ಮೇಲೆ ನಿಂತಾಗ ದೇಹ ತುಸು ಮುಂದಕ್ಕೆ ವಾಲಿದರೆ ಕಾಲ್ಬೆರಳುಗಳು ತಾವಾಗಿಯೇ ನೆಲವನ್ನು ಒತ್ತಿ ನಮ್ಮನ್ನು ಹಿಂದಕ್ಕೆ ತರುತ್ತವೆ. ತಲೆಕೆಳಗಾದಾಗ ಇದೇ ಊಳಿಗವನ್ನು ಕೈಬೆರಳುಗಳು ಮಾಡಬೇಕು. ದೇಹ ಬೆನ್ನಿನ ಕಡೆಗೆ ವಾಲಿದರೆ ಬೆರಳ ತುದಿಗಳು ನೆಲವನ್ನು ಒತ್ತಬೇಕು. ಹೊಟ್ಟೆಯ ಕಡೆಗೆ ವಾಲಿದರೆ ಅಂಗೈಯ ಬುಡ ಒತ್ತಬೇಕು. ಮಗುವಾಗಿದ್ದಾಗ ಎದ್ದು ಬಿದ್ದು ಕಾಲುಗಳಿಗೆ ಕಲಿಸಿದ ಪಾಠವನ್ನು ಈಗ ಹೊಸದಾಗಿ ಕೈಗಳಿಗೆ ಕಲಿಸಬೇಕು. ಈ ಪಾಠಕ್ಕೆ ಅಡ್ಡದಾರಿಯಿಲ್ಲ. ಸಿಂಗಲ್ ಬಾರ್, ಡಬಲ್ ಬಾರ್, ರಿಂಗ್ಸ್, ವಾಲ್ಟ್ ಯಾವುದನ್ನೇ ತೆಗೆದುಕೊಂಡರೂ ವರಸೆಗಳ ದಾರಿ ಈ ಒಂದು ಭಂಗಿಯನ್ನು ಹಾದೇ ಹೋಗುತ್ತದೆ. ಆದ್ದರಿಂದಲೇ ಪದಕ ಗೆದ್ದವರೂ ಇದರ ಅಭ್ಯಾಸವನ್ನು ಪ್ರತಿದಿನವೂ ಬಿಡದೆ ನಡೆಸುತ್ತಾರೆ.

ನಿಜವಾಗಿ ಕಠಿಣವಾದ ವರಸೆಗಳನ್ನು ವಿಂಗಡಿಸಿ ನೋಡಿದರೆ ಅವುಗಳ ಹಿಂದೆ ಬೇರೆ ಬೇರೆ ಕಾರಣಗಳು ಕಾಣುತ್ತವೆ. ಮೊದಲನೆಯದು ಭಯ. ನಿಂತಲ್ಲಿಂದ ಹಿಂದಕ್ಕೆ ಹಾರಿ, ಕೈಯೂರಿ, ಮತ್ತೆ ಕಾಲ ಮೇಲೆ ಇಳಿಯುವ ‘ಫ್ಲಿಕ್’ ಎಂಬ ವರಸೆಗೆ ಅದ್ಭುತವಾದ ಬಲವೇನೂ ಬೇಡ. ಆದರೆ ಹೋಗುವ ದಿಕ್ಕು ಕಣ್ಣಿಗೆ ಕಾಣುವುದಿಲ್ಲ! ಕಾಣದ ಕಡೆಗೆ ದೇಹವನ್ನು ಎಸೆಯಲು ಮನಸ್ಸು ಒಪ್ಪುವುದಿಲ್ಲ. ಅಂಜಿದವನು ಅರ್ಧದಲ್ಲಿ ತಡೆಯುತ್ತಾನೆ. ಅರ್ಧದಲ್ಲಿ ತಡೆದವನೇ ಬೀಳುತ್ತಾನೆ. ಶಿಕ್ಷಕರ ಒಂದು ಕೈ ಸೊಂಟದ ಹಿಂದೆಯೂ ಇನ್ನೊಂದು ತೊಡೆಯ ಹಿಂದೆಯೂ ಇರುವವರೆಗೆ ಸರಾಗವಾಗಿ ಹಾರುತ್ತಿದ್ದ ಹುಡುಗಿ, ಆ ಕೈ ಸರಿದೊಡನೆ ನಿಂತುಬಿಡುತ್ತಾಳೆ. ಆ ಕೈ ಅವಳ ಭಾರವನ್ನು ಹೊತ್ತದ್ದು ಅಲ್ಪ. ಭಯವನ್ನು ಹೊತ್ತದ್ದೇ ಹೆಚ್ಚು.

ಎರಡನೆಯದು ಹದ. ಬಾರಿನಲ್ಲಿ ಜೋತುಬಿದ್ದವನು ತೂಗಾಡುತ್ತ ಮೇಲಕ್ಕೇರಿ, ಬಾರಿನ ಮೇಲೆ ತೋಳು ನೆಟ್ಟಗಾಗಿಸಿ ನಿಲ್ಲುವುದಕ್ಕೆ ‘ಕಿಪ್’ ಎಂದು ಹೆಸರು. ನೋಡುವವರಿಗೆ ಇದೊಂದು ವರಸೆಯೆಂದೇ ತೋರುವುದಿಲ್ಲ. ಮುಂದಿನ ದೊಡ್ಡ ವರಸೆಗೆ ಏಣಿಯೆಂದು ಕಾಣುತ್ತದೆ. ಆದರೆ ಈ ಏಣಿಯ ಬುಡದಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷವಿಡೀ ಕುಳಿತ ಮಕ್ಕಳು ಎಷ್ಟೋ ಮಂದಿ. ದೇಹವನ್ನು ಮುಂದಕ್ಕೆ ಚಾಚಿ ತೂಗಿ, ಪಾದಗಳನ್ನು ಬಾರಿನ ಬಳಿಗೆ ತಂದು, ಹಿಂದಕ್ಕೆ ಬರುವ ಓಲಾಟದಲ್ಲಿ ಬಾರನ್ನು ತೊಡೆಗುಂಟ ಸೊಂಟದವರೆಗೆ ಎಳೆದುಕೊಳ್ಳಬೇಕು. ಒಂದು ಕ್ಷಣ ಮುಂಚೆ ಎಳೆದರೂ ಆಗದು, ಒಂದು ಕ್ಷಣ ತಡವಾದರೂ ಆಗದು. ತೋಳಿನಲ್ಲಿ ಆನೆಯ ಬಲವಿದ್ದವನೂ ಇಲ್ಲಿ ಸೋಲಬಹುದು. ಆದರೆ ಈ ಹದ ಒಮ್ಮೆ ಕೈಗೆ ಹತ್ತಿತೆಂದರೆ, ಸೈಕಲ್ ಸವಾರಿಯಂತೆ, ಸುಲಭವಾಗಿ ಮರೆಯುವಂಥದಲ್ಲ.

ಹಿಡಿಗಳುಳ್ಳ ಕುದುರೆ, ಅಂದರೆ ‘ಪಾಮೆಲ್ ಹಾರ್ಸ್’, ಮೇಲೆ ಕಾಲುಗಳನ್ನು ಜೋಡಿಸಿ ವೃತ್ತಾಕಾರವಾಗಿ ಸುತ್ತುವ ವರಸೆಯೂ ಇದೇ ಜಾತಿಯದು. ಇಡೀ ದೇಹದ ಭಾರ ಒಮ್ಮೆ ಎಡಗೈಗೆ, ಒಮ್ಮೆ ಬಲಗೈಗೆ ದಾಟುತ್ತಿರಬೇಕು. ಕಾಲುಗಳು ಸುತ್ತುತ್ತಲೇ ಇರುವುದರಿಂದ ಶಿಕ್ಷಕರು ಹತ್ತಿರ ನಿಂತು ಹಿಡಿದು ಕಲಿಸುವಂತೆಯೂ ಇಲ್ಲ. ಅದಕ್ಕಾಗಿ ಒಂದು ಸೊಗಸಾದ ಉಪಾಯ ಬಳಕೆಯಲ್ಲಿದೆ. ಮೇಲಿನಿಂದ ಹಗ್ಗದಲ್ಲಿ ಒಂದು ಬಕೀಟನ್ನು ಇಳಿಬಿಟ್ಟು, ಕಲಿಯುವವನ ಪಾದಗಳನ್ನು ಅದರಲ್ಲಿಡಿಸುತ್ತಾರೆ. ಕಾಲಿನ ಭಾರವನ್ನು ಬಕೀಟು ಹೊರುತ್ತದೆ. ಕೈಗಳು ಮಾತ್ರ ಸುತ್ತುವ ಕ್ರಮವನ್ನು ಕಲಿಯುತ್ತವೆ.

ಮೂರನೆಯದು ಬಲ. ರಿಂಗ್ಸಿನಲ್ಲಿ ತೋಳುಗಳನ್ನು ಇಕ್ಕೆಲಕ್ಕೂ ಚಾಚಿ ಶಿಲುಬೆಯ ಆಕಾರದಲ್ಲಿ ನಿಲ್ಲುವುದನ್ನು ಬಲ್ಲವರು ‘ಕ್ರಾಸ್’ ಎನ್ನುತ್ತಾರೆ. ನಿಲ್ಲಬೇಕಾದುದು ಎರಡೇ ಸೆಕೆಂಡು! ಆ ಎರಡು ಸೆಕೆಂಡುಗಳಿಗಾಗಿ ಭುಜಗಳನ್ನು ವರ್ಷಗಟ್ಟಲೆ ಪಳಗಿಸಬೇಕು. ಇಲ್ಲಿ ಯಾವ ಗುಟ್ಟೂ ಇಲ್ಲ, ಯಾವ ಚಮತ್ಕಾರವೂ ಇಲ್ಲ. ಬಲವಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಸೋವಿಯತ್ ಒಕ್ಕೂಟದ ಪರವಾಗಿ 1956ರ ಮೆಲ್ಬರ್ನ್ ಮತ್ತು 1960ರ ರೋಮ್ ಒಲಿಂಪಿಕ್ಸ್‌ಗಳೆರಡರಲ್ಲಿಯೂ ರಿಂಗ್ಸಿನ ಚಿನ್ನ ಗೆದ್ದ ಆರ್ಮೇನಿಯದ ಆಲ್ಬರ್ಟ್ ಅಜಾರ್ಯನ್ ಈ ಭಂಗಿಯಿಂದಲೇ ಲೋಕಪ್ರಸಿದ್ಧನಾದನು.

ಮತ್ತೊಂದು ವಿಚಿತ್ರವೂ ಉಂಟು. ವರಸೆ ಅದೇ, ಆದರೆ ಸ್ಥಳ ಬೇರೆ! ನೆಲದ ಮೇಲೆ ಕಣ್ಣುಮುಚ್ಚಿ ಮಾಡಬಹುದಾದ ಕಾರ್ಟ್‌ವೀಲನ್ನು ಬೀಮಿನ ಮೇಲೆ ಮಾಡಬೇಕೆಂದರೆ ಕೈಕಾಲು ನಡುಗುತ್ತವೆ. ಬೀಮಿನ ಉದ್ದ 5 ಮೀಟರ್, ಎತ್ತರ 1.25 ಮೀಟರ್; ಅಗಲವೋ 10 ಸೆಂಟಿಮೀಟರ್ ಮಾತ್ರ. ಅದಕ್ಕೇ ಶಿಕ್ಷಕರು ಮೊದಲು ನೆಲದ ಮೇಲೆ ಗೆರೆ ಎಳೆದು, ಅನಂತರ ಗೇಣೆತ್ತರದ ತೊಲೆಯ ಮೇಲೆ, ಕೊನೆಗೆ ಎತ್ತರದ ಬೀಮಿನ ಮೇಲೆ ಅದನ್ನೇ ಮಾಡಿಸುತ್ತಾರೆ.

ಭಯ, ಹದ, ಬಲ ಮೂರೂ ಒಂದೇ ವರಸೆಯಲ್ಲಿ ಕೂಡಿಬಂದುದನ್ನು ನಮ್ಮ ದೇಶದ ಜನರು 2016ರಲ್ಲಿ ಕಂಡರು. ತ್ರಿಪುರದ ಅಗರ್ತಲಾದ ದೀಪಾ ಕರ್ಮಾಕರ್ ರಿಯೋ ಒಲಿಂಪಿಕ್ಸ್‌ನ ವಾಲ್ಟ್ ಸ್ಪರ್ಧೆಯಲ್ಲಿ ‘ಪ್ರೊಡುನೋವಾ’ ವರಸೆಯನ್ನು ಪ್ರದರ್ಶಿಸಿದರು. 1999ರಲ್ಲಿ ಅದನ್ನು ಮಾಡಿ ತೋರಿಸಿದ ರಷ್ಯದ ಯೆಲೆನಾ ಪ್ರೊಡುನೋವಾಳ ಹೆಸರೇ ಅದಕ್ಕೆ ನಿಂತಿದೆ. ಓಡಿಬಂದು, ವಾಲ್ಟಿನ ಮೇಲೆ ಕೈಯೂರಿ ನೂಕಿ, ಗಾಳಿಯಲ್ಲಿ ಮುಂದಕ್ಕೆ ಎರಡು ಲಾಗ ಹಾಕಿ ಇಳಿಯಬೇಕು. ಹಿಂದಕ್ಕೆ ಲಾಗ ಹಾಕುವವನಿಗೆ ಇಳಿಯುವ ಮುನ್ನ ನೆಲ ಕಾಣುತ್ತದೆ. ಮುಂದಕ್ಕೆ ಹಾಕುವವನಿಗೆ ಕೊನೆಯ ಗಳಿಗೆಯವರೆಗೂ ಕಾಣುವುದಿಲ್ಲ. ಸುತ್ತು ತುಸು ಕಡಿಮೆಯಾದರೆ ಕತ್ತಿಗೇ ಆಪತ್ತು. 1964ರ ನಂತರ ಒಲಿಂಪಿಕ್ಸ್ ಅಂಗಸಾಧನೆಯಲ್ಲಿ ಭಾರತೀಯರು ಯಾರೂ ಇರಲಿಲ್ಲ. ಭಾರತದ ಮಹಿಳೆಯಂತೂ ದೀಪಾಗೆ ಮುಂಚೆ ಒಬ್ಬರೂ ಇರಲಿಲ್ಲ. ದೀಪಾ 15.066 ಅಂಕ ಪಡೆದು ನಾಲ್ಕನೆಯವರಾದರು. ಕಂಚಿಗೂ ಅವರಿಗೂ ನಡುವೆ ಇದ್ದುದು 0.150 ಅಂಕ. ಚಪ್ಪಟೆಯಾದ ಪಾದಗಳು ಅವರಿಗೆ ಹುಟ್ಟಿನಿಂದ ಬಂದಿದ್ದುವು. ಓಟಕ್ಕೂ ನೆಗೆತಕ್ಕೂ ತೊಡಕಾಗಬಹುದಾಗಿದ್ದ ಆ ಕೊರತೆಯನ್ನು ಗುರು ಬಿಶ್ವೇಶ್ವರ ನಂದಿಯವರ ಕೈಕೆಳಗೆ ಅವರು ಮೊದಲು ಗೆದ್ದರು. ಪ್ರೊಡುನೋವಾ ಬಂದದ್ದು ಆಮೇಲೆ. 2024ರ ಮೇ ತಿಂಗಳಲ್ಲಿ ತಾಷ್ಕೆಂಟಿನಲ್ಲಿ ಏಷ್ಯಾದ ಚಿನ್ನ ಗೆದ್ದು, ಅದೇ ವರ್ಷ ಅಕ್ಟೋಬರಿನಲ್ಲಿ ಅವರು ನಿವೃತ್ತರಾದರು.

ಕ್ರಮ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೂ ಒಂದು ದುಃಖದ ಉದಾಹರಣೆಯುಂಟು. ಸೋವಿಯತ್ ದೇಶದ ಎಲೆನಾ ಮುಖಿನಾ 1978ರಲ್ಲಿ ವಿಶ್ವವಿಜೇತೆ. ಮರುವರ್ಷ ಕಾಲು ಮುರಿದು, ಅದು ಪೂರ್ತಿ ಗುಣವಾಗುವ ಮೊದಲೇ ಆಕೆಯನ್ನು ಅಭ್ಯಾಸಕ್ಕೆ ಹಚ್ಚಲಾಯಿತು. ‘ಥಾಮಸ್ ಲಾಗ’ ಎಂಬುದು ಆಗ ಹೊಸ ಬೆರಗು. ನೆಗೆದು, ತಿರುಗಿ, ಕಾಲ ಮೇಲೆ ಇಳಿಯದೆ ಭುಜದ ಮೇಲೆ ಉರುಳಿ ಮುಗಿಸಬೇಕು. ಮಾಸ್ಕೋ ಒಲಿಂಪಿಕ್ಸ್‌ಗೆ ಕೆಲವೇ ವಾರಗಳಿದ್ದಾಗ, 1980ರ ಜುಲೈನಲ್ಲಿ, ಮಿನ್ಸ್ಕ್ ನಗರದ ಅಭ್ಯಾಸಾಂಗಣದಲ್ಲಿ ನೆಗೆತ ಸಾಲದೆ ಆಕೆ ಕತ್ತಿನ ಮೇಲೆ ಬಿದ್ದಳು. ಇಪ್ಪತ್ತು ವರ್ಷದ ಆ ತರುಣಿ ಮತ್ತೆ ಎದ್ದು ನಡೆಯಲಿಲ್ಲ. 2006ರಲ್ಲಿ ತೀರಿಕೊಳ್ಳುವವರೆಗೂ ಹಾಸಿಗೆಯೇ ಗತಿಯಾಯಿತು. ಆ ಲಾಗ ಮಹಿಳೆಯರಿಗೆ ನಿಷಿದ್ಧವಾಯಿತು. ಆಕೆಗೆ ಪ್ರತಿಭೆಯ ಕೊರತೆಯಿರಲಿಲ್ಲ. ಕಾಯುವ ತಾಳ್ಮೆ ಕಲಿಸುವವರಲ್ಲಿ ಇರಲಿಲ್ಲ.

ಕಲಿತದ್ದು ಶಾಶ್ವತವೆಂದೂ ನಂಬುವಂತಿಲ್ಲ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಮೇಲೆ ಹೇಳಿದ ಸಿಮೋನ್ ಬೈಲ್ಸಳಿಗೇ ಗಾಳಿಯಲ್ಲಿ ದಿಕ್ಕು ತಪ್ಪತೊಡಗಿತು. ಮೇಲು ಯಾವುದು, ಕೆಳಗು ಯಾವುದು ಎಂಬ ಅರಿವೇ ಮಾಯವಾಯಿತು. ಬೈಲ್ಸ್ ಸ್ಪರ್ಧೆಗಳಿಂದ ಹಿಂದೆ ಸರಿದಳು. ಕೊನೆಯ ದಿನ ಬೀಮಿಗೆ ಮಾತ್ರ ಮರಳಿ ಕಂಚು ಪಡೆದಳು. ಅಂದು ಟೀಕಿಸಿದವರೂ ಇದ್ದರು. ಹಿಂದೆ ಸರಿಯುವುದೂ ಆ ವಿದ್ಯೆಯ ಒಂದು ಭಾಗವೆಂಬುದಕ್ಕೆ 2024ರ ಪ್ಯಾರಿಸ್ಸಿನಲ್ಲಿ ಗೆದ್ದ ಮೂರು ಚಿನ್ನಗಳೇ ಉತ್ತರ ಹೇಳಿದುವು.

ಆದ್ದರಿಂದ ತಂದೆತಾಯಿಗಳಿಗೆ ಒಂದೆರಡು ಮಾತು. ನೆರೆಮನೆಯ ಹುಡುಗಿ ಲಾಗ ಹಾಕಿದಳೆಂದು ನಿಮ್ಮ ಮಗಳನ್ನು ಅವಸರಪಡಿಸಬೇಡಿರಿ. ಸಿಮೆಂಟಿನ ನೆಲದ ಮೇಲೆ, ದೂರದರ್ಶನದಲ್ಲಿ ಕಂಡದ್ದನ್ನು ಮಕ್ಕಳು ಅನುಕರಿಸದಂತೆ ನೋಡಿಕೊಳ್ಳಿರಿ. ನಮ್ಮ ಗರಡಿಮನೆಗಳಲ್ಲಿ ಕೆಮ್ಮಣ್ಣನ್ನು ಹದಮಾಡಿ ಮೆತ್ತಗಿಟ್ಟ ಹಿರಿಯರು, ಬೀಳುವವರ ಮೈಯನ್ನು ಮರೆತವರಲ್ಲ. ಒಳ್ಳೆಯ ಶಾಲೆಯೆಂದು ತಿಳಿಯಲು ಒಂದು ಸುಲಭದ ಗುರುತುಂಟು. ಅಲ್ಲಿ ಮೊದಲು ಹಾರುವುದನ್ನು ಕಲಿಸುತ್ತಾರೋ, ಬೀಳುವುದನ್ನು ಕಲಿಸುತ್ತಾರೋ ನೋಡಿರಿ. ಮೊಣಕಾಲು ಸಡಿಲಿಸಿ, ಗದ್ದ ಒತ್ತಿ, ಉರುಳಿ ಬೀಳುವುದನ್ನು ಮೊದಲ ವಾರದಲ್ಲೇ ಹೇಳಿಕೊಡುವ ಶಿಕ್ಷಕರ ಕೈಗೆ ಮಗುವನ್ನು ನಿಶ್ಚಿಂತೆಯಾಗಿ ಒಪ್ಪಿಸಬಹುದು. ಮಿಕ್ಕ ತಿಪ್ಪರಲಾಗಗಳು ಅವುಗಳ ಕಾಲಕ್ಕೆ ತಾವಾಗಿಯೇ ಬರುತ್ತವೆ.