ಕುರಿಯ ರೋಗ, ಹಸುವಿನ ರೋಗ, ಜಿಂಕೆಯ ರೋಗ

ಕುರಿ ಮೇಕೆಗಳಿಗೆ ಬರುವ ಸ್ಕ್ರೇಪಿ, ‘ಹುಚ್ಚು ಹಸುವಿನ ರೋಗ’ವೆಂದು ಲೋಕದಲ್ಲೆಲ್ಲ ಕುಪ್ರಸಿದ್ಧವಾದ ದನಗಳ ವ್ಯಾಧಿ, ಉತ್ತರ ಅಮೆರಿಕದ ಜಿಂಕೆಗಳನ್ನು ಮೆಲ್ಲಮೆಲ್ಲನೆ ಕೃಶಗೊಳಿಸಿ ಕೊಲ್ಲುವ ಜಾಡ್ಯ, ತುಪ್ಪುಳಿನ ಚರ್ಮಕ್ಕಾಗಿ ಸಾಕುವ ಮಿಂಕ್ ಎಂಬ ಪ್ರಾಣಿಯ ಮಿದುಳುಬೇನೆ, ಮನುಷ್ಯನಿಗೆ ಬರುವ ಕ್ರಾಯ್ಟ್ಸ್‌ಫೆಲ್ಟ್–ಯಾಕೋಬ್ ರೋಗ, ಇವೆಲ್ಲವೂ ಒಂದೇ ಕುಲಕ್ಕೆ ಸೇರಿದವು. ಇವುಗಳಿಗೆ ಕಾರಣವಾದುದು ಬ್ಯಾಕ್ಟೀರಿಯವೂ ಅಲ್ಲ, ವೈರಸ್ಸೂ ಅಲ್ಲ; ಪ್ರಾಣಿಯ ನರಕೋಶಗಳಲ್ಲಿ ಸಹಜವಾಗಿಯೇ ಇರುವ ಒಂದು ಪ್ರೋಟೀನು ಆಕಾರದಲ್ಲಿ ವಿಕೃತಿಹೊಂದಿ, ಬಳಿಯಿರುವ ಸಜಾತೀಯ ಪ್ರೋಟೀನುಗಳನ್ನೂ ಅದೇ ವಿಕೃತಿಗೆ ಎಳೆದು, ಕಾಲಕ್ರಮದಲ್ಲಿ ಮಿದುಳನ್ನು ಸ್ಪಂಜಿನಂತೆ ರಂಧ್ರಮಯವಾಗಿಸುತ್ತದೆ. ಜ್ವರ ಕಾಣಿಸದು, ದೇಹದ ರಕ್ಷಣಾವ್ಯವಸ್ಥೆ ಈ ಶತ್ರುವನ್ನು ಗುರುತಿಸದು, ಮದ್ದೆಂಬುದು ಇಂದಿಗೂ ದೊರೆತಿಲ್ಲ. 1982ರಲ್ಲಿ ವಿಜ್ಞಾನಿ ಸ್ಟ್ಯಾನ್ಲಿ ಪ್ರೂಸಿನರ್ ಈ ರೋಗಕಾರಕ ಪ್ರೋಟೀನನ್ನು ಪ್ರಿಯಾನ್ ಎಂದು ಕರೆದಾಗ ಸಂದೇಹಪಟ್ಟವರೇ ಹೆಚ್ಚು; 1997ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು.

ಒಂದು ಪ್ರಾಣಿಯ ರೋಗವನ್ನು ಮತ್ತೊಂದರ ರೋಗದ ಪಕ್ಕದಲ್ಲಿಟ್ಟು ನೋಡಿದುದರಿಂದ ಈ ಶಾಸ್ತ್ರಕ್ಕೆ ಆದ ಲಾಭ ಅಲ್ಪವಲ್ಲ. ಪಪುವಾ ನ್ಯೂಗಿನಿಯ ಫೋರೆ ಜನರಲ್ಲಿ, ಮೃತ ಬಂಧುಗಳ ದೇಹವನ್ನು ಭಕ್ಷಿಸುವ ಅಂತ್ಯವಿಧಿಯ ಮೂಲಕ ಹರಡಿದ ಕುರು ಎಂಬ ರೋಗದ ಮಿದುಳಿನ ಚಿತ್ರಗಳನ್ನು ಲಂಡನ್ನಿನ ಪ್ರದರ್ಶನವೊಂದರಲ್ಲಿ ಕಂಡ ವಿಲಿಯಂ ಹ್ಯಾಡ್ಲೋ ಎಂಬ ಪಶುವೈದ್ಯ, ತಾನು ಅಭ್ಯಸಿಸುತ್ತಿದ್ದ ಸ್ಕ್ರೇಪಿ ಕುರಿಗಳ ಮಿದುಳೂ ಹೀಗೆಯೇ ಇರುವುದೆಂದು 1959ರಲ್ಲಿ ಲ್ಯಾನ್ಸೆಟ್ ಪತ್ರಿಕೆಗೆ ಬರೆದನು. ಕುರಿಯ ರೋಗವು ಸೋಂಕೆಂಬುದು ಆ ವೇಳೆಗೆ ತಿಳಿದಿದ್ದುದರಿಂದ, ಕುರುವನ್ನೂ ವಾನರಗಳಿಗೆ ಅಂಟಿಸಿ ನೋಡಬೇಕೆಂಬ ಸೂಚನೆ ಆ ಪತ್ರದಿಂದ ಹೊರಟಿತು. ಕುರುವನ್ನು ಅಭ್ಯಸಿಸುತ್ತಿದ್ದ ಗೈಡುಸೆಕ್ ಮತ್ತು ಅವರ ಸಂಗಡಿಗರು 1966ರಲ್ಲಿ ಚಿಂಪಾಂಜಿಯ ಮೇಲೆ ನಡೆಸಿದ ಪ್ರಯೋಗದಿಂದ ಕುರುವೂ ಸೋಂಕೆಂಬುದನ್ನು ಸ್ಥಾಪಿಸಿದರು.

ಹೀಗೆ ಸತ್ಯಕ್ಕೆ ದಾರಿ ತೋರಿದ ಸಾದೃಶ್ಯವೇ ಮುಂದೆ ಇಡೀ ರಾಷ್ಟ್ರವೊಂದನ್ನು ದಾರಿ ತಪ್ಪಿಸಿತು. 1986ರಲ್ಲಿ ಇಂಗ್ಲೆಂಡಿನ ಹಸುಗಳಲ್ಲಿ ಹೊಸ ವ್ಯಾಧಿ ಗೋಚರಿಸಿದಾಗ, ಸತ್ತ ಜಾನುವಾರುಗಳ ಮಾಂಸ ಮೂಳೆಗಳನ್ನು ಬೇಯಿಸಿ ಪುಡಿಮಾಡಿದ ಹಿಟ್ಟನ್ನು ಹಸುಗಳ ಮೇವಿಗೆ ಬೆರೆಸುತ್ತಿದ್ದುದೇ ಅದರ ವಾಹಕವೆಂದು ಪಶುರೋಗತಜ್ಞ ಜಾನ್ ವೈಲ್ಸ್‌ಮಿತ್ ಬೇಗನೆ ಕಂಡುಕೊಂಡರು. 1988ರಲ್ಲಿ ಆ ಮೇವನ್ನು ನಿಷೇಧಿಸಲಾಯಿತು. ಅಲ್ಲಿಯವರೆಗೆ ನಡೆದುದು ವಿವೇಕವೇ. ಆದರೆ ಮನುಷ್ಯನಿಗೆ ಅಪಾಯವಿದೆಯೆ ಎಂಬ ಪ್ರಶ್ನೆಗೆ 1989ರಲ್ಲಿ ಸರ್ಕಾರದ ಸೌತ್‌ವುಡ್ ಸಮಿತಿ ತನ್ನ ವರದಿಯಲ್ಲಿ ನೀಡಿದ ಉತ್ತರ ಬಹುಮಟ್ಟಿಗೆ ಕುರಿಯನ್ನು ನೆಚ್ಚಿಕೊಂಡ ಉತ್ತರವಾಗಿತ್ತು: ಇನ್ನೂರು ವರ್ಷಗಳಿಗೂ ಮೇಲ್ಪಟ್ಟು ಸ್ಕ್ರೇಪಿ ತಗುಲಿದ ಕುರಿಗಳ ಮಾಂಸವನ್ನು ಜನ ತಿಂದಿದ್ದಾರೆ, ಕೇಡಾದುದು ಕಂಡುಬಂದಿಲ್ಲ, ಆದುದರಿಂದ ಹಸುವಿನಿಂದಲೂ ಕೇಡು ಸಂಭವಿಸುವುದು ದೂರದ ಮಾತು. 1990ರಲ್ಲಿ ಬ್ರಿಸ್ಟಲ್ಲಿನ ಸಾಕುಬೆಕ್ಕೊಂದು ಇಂಥದೇ ರೋಗದಿಂದ ಸತ್ತಿತು. ಮೃಗಾಲಯಗಳ ನ್ಯಾಲಾ, ಕೂಡು ಜಾತಿಯ ಹುಲ್ಲೆಗಳೂ ಚೀತಾಗಳೂ ಸತ್ತವು. ದನದಿಂದ ಹೊರಟ ಈ ರೋಗಕಾರಕ ಕುರಿಯ ರೋಗಕಾರಕದ ಸ್ವಭಾವದ್ದಲ್ಲವೆಂದು ಆ ಮೂಕಪ್ರಾಣಿಗಳು ತಮ್ಮ ಸಾವಿನಿಂದಲೇ ಸಾರುತ್ತಿದ್ದವು. ಅದೇ ವರ್ಷ ಕೃಷಿಮಂತ್ರಿ ಜಾನ್ ಗಮ್ಮರ್ ಛಾಯಾಗ್ರಾಹಕರ ಮುಂದೆ ತನ್ನ ಪುಟ್ಟ ಮಗಳ ಬಾಯಿಗೆ ಗೋಮಾಂಸದ ಬರ್ಗರ್ ಹಿಡಿದನು. 1996ರ ಮಾರ್ಚಿನಲ್ಲಿ, ಹತ್ತು ಮಂದಿ ಹೊಸ ಬಗೆಯ ಮಿದುಳುರೋಗಕ್ಕೆ ತುತ್ತಾಗಿರುವರೆಂದೂ ಅದರ ಮೂಲ ಹಸುವೇ ಇರಬಹುದೆಂದೂ ಸರ್ಕಾರ ಒಪ್ಪಬೇಕಾಯಿತು. ಬ್ರಿಟನ್ನೊಂದರಲ್ಲಿಯೇ ಸತ್ತವರು 178 ಮಂದಿ. ಅವರಲ್ಲಿ ಬಹುಪಾಲು ಎಳೆಯರು, ತರುಣರು.

ಆಗಿನ ಪಂಡಿತರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ರೋಗ ಒಂದು ಜಾತಿಯಿಂದ ಇನ್ನೊಂದಕ್ಕೆ ದಾಟುವುದೋ ಇಲ್ಲವೋ ಎಂಬುದು, ಎರಡು ಪ್ರಾಣಿಗಳ ಪ್ರೋಟೀನುಗಳಲ್ಲಿರುವ ಸಾಮ್ಯ, ರೋಗಕಾರಕದ ತಳಿ, ಅದು ಒಳಹೊಗುವ ಮಾರ್ಗ, ಪ್ರಮಾಣ, ಇಷ್ಟನ್ನೂ ಅವಲಂಬಿಸಿದೆ. ಹಂದಿಗೆ ಹಸುವಿನ ರೋಗದ ಅಂಶವನ್ನು ತಿನ್ನಿಸಿದರೆ ಏನೂ ಆಗದು. ಮಿದುಳಿಗೆ ಚುಚ್ಚಿದರೆ ರೋಗ ಬರುತ್ತದೆ. ಮನುಷ್ಯರಲ್ಲಿಯೂ ಈ ಹೊಸ ರೋಗಕ್ಕೆ ಬಲಿಯಾದವರಲ್ಲಿ ಬಹುತೇಕ ಎಲ್ಲರೂ ಆ ಪ್ರೋಟೀನಿನ ವಂಶವಾಹಿಯ ಒಂದೇ ಬಗೆಯ ರೂಪವನ್ನು ತಾಯಿತಂದೆಗಳಿಬ್ಬರಿಂದಲೂ ಪಡೆದವರು. ಕುರಿಗಳಲ್ಲಿ ಕೆಲವು ವಂಶಗಳು ಸ್ಕ್ರೇಪಿಯನ್ನು ತಡೆಯಬಲ್ಲವು, ಕೆಲವು ಬೇಗನೆ ಬೀಳುತ್ತವೆ. ಇಂಥಲ್ಲಿ ಒಂದು ಜಾತಿಯ ನಿರಾತಂಕವು ಮತ್ತೊಂದಕ್ಕೆ ಅಭಯಪತ್ರವಾಗಲಾರದು.

ಹರಡುವ ಬಗೆಯೂ ಭಿನ್ನ. ಹಸುವಿನಿಂದ ಹಸುವಿಗೆ ಆ ರೋಗ ನೇರವಾಗಿ ಅಂಟುವುದು ಕಾಣೆವು. ಆದುದರಿಂದ ಆ ಮೇವನ್ನು ನಿಲ್ಲಿಸಿದ ಮೇಲೆ, ನಿಧಾನವಾಗಿಯಾದರೂ, ಒಂದು ಲಕ್ಷ ಎಂಬತ್ತು ಸಾವಿರಕ್ಕೂ ಮಿಕ್ಕ ದನಗಳನ್ನು ಬಲಿತೆಗೆದುಕೊಂಡ ಮಾರಿ ಇಳಿಮುಖವಾಯಿತು. ಸ್ಕ್ರೇಪಿಯಾದರೋ ಈಯುವ ಕಾಲದ ಮಾಸಿನಿಂದಲೂ ನೆಲದಿಂದಲೂ ಹರಡುತ್ತದೆ. ಐಸ್ಲೆಂಡಿನ ಹಟ್ಟಿಯೊಂದರಲ್ಲಿ ಹದಿನಾರು ವರ್ಷಗಳ ತರುವಾಯವೂ ಸೋಂಕು ಮರುಕಳಿಸಿದ ಉದಾಹರಣೆಯುಂಟು. ಇನ್ನು 1967ರಲ್ಲಿ ಕೊಲೊರಾಡೋದಲ್ಲಿ ಮೊದಲು ಕಂಡ ಜಿಂಕೆಗಳ ರೋಗ ಜೊಲ್ಲು, ಮೂತ್ರ, ಹಿಕ್ಕೆಗಳಿಂದ ಹರಡಿ ಮಣ್ಣಿನಲ್ಲಿ ವರ್ಷಗಟ್ಟಲೆ ನೆಲೆಯೂರುವುದರಿಂದ, ಅಡವಿಯಲ್ಲಿ ಸ್ವಚ್ಛಂದವಾಗಿ ತಿರುಗುವ ಹಿಂಡುಗಳನ್ನು ತಡೆವ ಉಪಾಯವೇ ತೋರದು. 2016ರಲ್ಲಿ ಅದು ನಾರ್ವೆಯ ಕಾಡು ಹಿಮಸಾರಂಗದಲ್ಲಿ ಕಾಣಲು, ನೋರ್ಡ್‌ಫ್ಯೆಲ್ಲಾ ಪ್ರದೇಶದ ಎರಡು ಸಾವಿರಕ್ಕೂ ಹೆಚ್ಚಿನ ಇಡೀ ಹಿಂಡನ್ನೇ ಕೊಲ್ಲಿಸಿದರು. 2020ರಲ್ಲಿ ಅದು ಹಾರ್ಡಂಗರ್‌ವಿಡ್ಡಾದಲ್ಲಿ ಮತ್ತೆ ತಲೆದೋರಿತು.

ಜಿಂಕೆಯ ಈ ರೋಗ ಮನುಷ್ಯನಿಗೆ ತಗುಲಿದುದು ಈವರೆಗೆ ಸಿದ್ಧವಾಗಿಲ್ಲ. ಬೇಟೆಗಾರರು ದಶಕಗಳಿಂದ ಜಿಂಕೆಯ ಮಾಂಸವನ್ನು ಉಂಡರೂ ಕೆಡುಕಾಗಿಲ್ಲವೆಂಬ ಸಮಾಧಾನವನ್ನು ಕೇಳಿದಾಗಲೆಲ್ಲ ನನಗೆ 1989ರ ವರದಿ ನೆನಪಾಗುತ್ತದೆ. ರೋಗವಿದೆಯೆಂದು ಪರೀಕ್ಷೆಯಲ್ಲಿ ತಿಳಿದ ಜಿಂಕೆಯ ಮಾಂಸವನ್ನು ತಿನ್ನಬಾರದೆಂದು ಅಮೆರಿಕದ ಆರೋಗ್ಯ ಇಲಾಖೆ ಕೊಡುತ್ತಿರುವ ಎಚ್ಚರಿಕೆಯೇ ಸರಿಯಾದ ನಿಲುವು.

ನಮ್ಮ ದೇಶದ ಸಂಬಂಧವೂ ಈ ಕಥೆಯಲ್ಲುಂಟು. ಭಾರತ ಉಪಖಂಡದಿಂದ ಆಮದಾದ ಮೂಳೆಗಳಲ್ಲಿ ನದಿಗೆ ಬಿಟ್ಟ ಮನುಷ್ಯಶವಗಳ ಅಂಶ ಬೆರೆತು ಹಸುವಿನ ರೋಗಕ್ಕೆ ಬೀಜವಾಗಿರಬಹುದೆಂದು 2005ರಲ್ಲಿ ಬ್ರಿಟನ್ನಿನ ಇಬ್ಬರು ಸಂಶೋಧಕರು ಲ್ಯಾನ್ಸೆಟ್ಟಿನಲ್ಲಿ ಊಹಿಸಿದಾಗ, ಬೆಂಗಳೂರಿನ ನಿಮ್ಹಾನ್ಸಿನ ಎಸ್. ಕೆ. ಶಂಕರ್ ಮತ್ತು ಪಿ. ಸತೀಶಚಂದ್ರ ಅದೇ ಪತ್ರಿಕೆಯಲ್ಲಿ, ಇಂಥ ಊಹೆಗಳಲ್ಲಿ ಎಚ್ಚರ ಅಗತ್ಯವೆಂದು ಬರೆದರು. ಆ ಗಾಂಭೀರ್ಯ ಮೆಚ್ಚತಕ್ಕದ್ದು. ಆದರೆ ಆರೋಪವನ್ನು ಅಲ್ಲಗಳೆದುದೇ ನಮ್ಮ ಆರೋಗ್ಯಕ್ಕೆ ಸಾಕ್ಷ್ಯವಾಗದು. ಹಿಮಾಲಯದ ತಪ್ಪಲಿನ ಕುರಿಗಳಲ್ಲಿ ಸ್ಕ್ರೇಪಿ ಇದ್ದುದು 1961ರಲ್ಲಿಯೇ ಪ್ರಕಟವಾಗಿದೆ. ಹಿಂಡಿ, ಬೂಸಾ, ಹುಲ್ಲು ತಿನ್ನುವ ನಮ್ಮ ಹಸುಗಳಿಗೆ ಅಪಾಯ ಕಡಿಮೆಯೆಂಬುದು ನಿಜ. 2010ರಲ್ಲಿ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಭಾರತವನ್ನು ನಗಣ್ಯ ಅಪಾಯದ ದೇಶಗಳ ಸಾಲಿಗೆ ಸೇರಿಸಿರುವುದೂ ನಿಜ. ಆ ಮನ್ನಣೆಯನ್ನು ಉಳಿಸಿಕೊಳ್ಳುವುದು ಪರೀಕ್ಷೆಯಿಂದ. ಊರಲ್ಲಿ ಹಸುವೊಂದು ನಡುಗಿ, ತೂರಾಡಿ, ಬೆದರಿ ಸತ್ತರೆ ಹುಚ್ಚುನಾಯಿ ಕಡಿದಿರಬೇಕೆಂದು ನಾವು ಮೊದಲು ಎಣಿಸುವುದು ಸಹಜವೇ. ಆದರೆ ರೇಬಿಸ್ ಅಲ್ಲವೆಂದು ತಿಳಿದ ಮೇಲೆ ಆ ಮಿದುಳನ್ನು ಹೂಳಿ ಮರೆಯದೆ, ಪ್ರಿಯಾನ್ ಪರೀಕ್ಷೆಗೂ ಕಳುಹಿಸುವ ಏರ್ಪಾಡು ಪ್ರತಿ ಜಿಲ್ಲೆಯ ಪಶುವೈದ್ಯರಿಗೂ ಸುಲಭವಾಗಿ ಒದಗುವಂತೆ ಸರ್ಕಾರ ಮಾಡಬೇಕು. ಕುರಿ ಮೇಕೆಗಳಿಗೂ ಇದೇ ಕ್ರಮ ಅನ್ವಯಿಸಬೇಕು.